ಎಪಿಒಇ-4 ಇದ್ದರೆ ಆಲ್ಝೈಮರ್ಸ್ ಬಂದೇ ಬರುತ್ತದಾ?

ಪ್ರಶ್ನೆ: ಅಮ್ಮನಿಗೆ ಆಲ್ಝೈಮರ್ಸ್ ಇತ್ತು. ಸುಮ್ನೆ ಕುತೂಹಲಕ್ಕೆ ಜೀನ್ ಟೆಸ್ಟ್ ಮಾಡಿಸಿದೆ, ಎಪಿಒಇ-4 ಇದೆ ಅಂತ ಬಂತು. ಇನ್ನು ನನಗೂ ಅದೇ ಗತಿನಾ?

ಹಾಗೇನಿಲ್ಲ. ಅಪಾಯ ಜಾಸ್ತಿ ಇರುವುದು ನಿಜ, ಅದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದಿಲ್ಲ. ಆದರೆ ರಿಪೋರ್ಟಿನ ಆ ಒಂದು ಸಾಲನ್ನೇ ಹಣೆಬರಹ ಅಂದುಕೊಳ್ಳಬೇಡಿ.

ಎಪಿಒಇ ಅನ್ನುವುದು ಮೈಯಲ್ಲಿ, ಮಿದುಳಿನಲ್ಲಿ ಕೊಬ್ಬು ಸಾಗಿಸುವ ಪ್ರೋಟೀನಿನ ಜೀನ್. ಅದರಲ್ಲಿ 2, 3, 4 ಅಂತ ಮೂರು ಬಗೆ. ಹೆಚ್ಚಿನವರಲ್ಲಿ ಇರುವುದು 3. ನಾಲ್ಕನೆಯದಕ್ಕೂ ಈ ಕಾಯಿಲೆಗೂ ನಂಟಿದೆ ಅಂತ ಗೊತ್ತಾಗಿದ್ದು 1993ರಲ್ಲಿ. ಅಪ್ಪ ಅಥವಾ ಅಮ್ಮ, ಒಬ್ಬರಿಂದ ಬಂದಿದ್ದರೆ ಅಪಾಯ ಸುಮಾರು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಇಷ್ಟಿದ್ದೂ 4 ಇಟ್ಟುಕೊಂಡೇ ಎಂಬತ್ತೈದು ದಾಟಿ, ಮನೆಯ ಲೆಕ್ಕಪತ್ರ ತಾವೇ ನೋಡಿಕೊಳ್ಳುವವರು ಇದ್ದಾರೆ. 4 ಇಲ್ಲದೆಯೂ ಮಕ್ಕಳ ಹೆಸರು ಮರೆತವರು ಇದ್ದಾರೆ.

ಯಾಕೆ ಹೀಗೆ? ಜೀನ್ ಒಂಟಿಯಾಗಿ ಸಂಸಾರ ಮಾಡುವುದಿಲ್ಲ, ಅದಕ್ಕೆ. ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೆ ಅದರ ಆಟ.

ಇದಕ್ಕೆ ಕೊಲಂಬಿಯಾದ ಒಬ್ಬ ಹೆಂಗಸಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಲ್ಲಿನ ಆಂಟಿಯೋಕಿಯಾ ಪ್ರದೇಶದ ಒಂದು ದೊಡ್ಡ ವಂಶದಲ್ಲಿ ಪಿಎಸ್ಇಎನ್1 ಅನ್ನುವ ಜೀನ್ ಕೆಟ್ಟಿದೆ. ಇದು ಎಪಿಒಇ-4ರ ಹಾಗೆ ಬರೀ ಅಪಾಯ ಹೆಚ್ಚಿಸುವ ಜೀನ್ ಅಲ್ಲ, ಇದ್ದರೆ ಕಾಯಿಲೆ ಹೆಚ್ಚುಕಮ್ಮಿ ಖಾತ್ರಿ. ನಾವು ಅರವತ್ತಕ್ಕೆ ಅರಳುಮರಳು ಅನ್ನುತ್ತೇವೆ, ಅವರಿಗೆ ನಲವತ್ತೈದರ ಹೊತ್ತಿಗೇ ಮರೆವು ಶುರು, ಐವತ್ತರೊಳಗೆ ಪೂರ್ತಿ ಕಾಯಿಲೆ. ಆ ಹೆಂಗಸಿನಲ್ಲೂ ಅದೇ ಜೀನ್ ಇತ್ತು, ಆದರೆ ಎಪ್ಪತ್ತು ದಾಟುವವರೆಗೆ ಬುದ್ಧಿ ನೆಟ್ಟಗೇ ಇತ್ತು. ಸ್ಕ್ಯಾನ್ ಮಾಡಿ ನೋಡಿದವರಿಗೆ ಆಶ್ಚರ್ಯ. ಮಿದುಳಿನ ತುಂಬ ಅಮಿಲಾಯ್ಡ್ ಅನ್ನುವ ಪ್ರೋಟೀನಿನ ಗಸಿ, ಅವರ ವಂಶದ ಬೇರೆ ರೋಗಿಗಳಿಗಿಂತಲೂ ಜಾಸ್ತಿ. ಆದರೆ ನರಕೋಶಗಳೊಳಗೆ ಗಂಟು ಕಟ್ಟಿಕೊಂಡು ಅವನ್ನು ಸಾಯಿಸುವ ಟೌ ಪ್ರೋಟೀನ್ ಮಾತ್ರ ತೀರಾ ಕಮ್ಮಿ.

ಅಂದರೆ ಕಸ ಬಿದ್ದಿತ್ತು, ಬೆಂಕಿ ಹತ್ತಿರಲಿಲ್ಲ.

ಕಾರಣ 2019ರಲ್ಲಿ ಹೊರಬಂತು. ಅವರ ಎಪಿಒಇ-3 ಜೀನಿನಲ್ಲಿ ಕ್ರೈಸ್ಟ್‌ಚರ್ಚ್ ಅನ್ನುವ ಅಪರೂಪದ ಬದಲಾವಣೆ ಇತ್ತು, ಅದೂ ತಂದೆ ತಾಯಿ ಇಬ್ಬರ ಕಡೆಯಿಂದಲೂ. (ಹೆಸರು ಬಂದಿದ್ದು ನ್ಯೂಜಿಲೆಂಡಿನ ಊರಿನಿಂದ.) ಕೋಶಗಳ ಮೈಮೇಲೆ ಸಕ್ಕರೆಯ ಸರಪಳಿಗಳಿರುತ್ತವೆ. ಟೌ ಕೋಶದಿಂದ ಕೋಶಕ್ಕೆ ದಾಟಲು ಅವು ದಾರಿ. ಎಪಿಒಇ ಪ್ರೋಟೀನ್ ಕೂಡ ಅಲ್ಲೇ ಅಂಟಿಕೊಳ್ಳುತ್ತದೆ. ಕ್ರೈಸ್ಟ್‌ಚರ್ಚ್ ಬಗೆಯದು ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ, ಟೌ ಹರಡದೇ ಇದ್ದುದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನುವುದು ಸಂಶೋಧಕರ ವಾದ. 2024ರಲ್ಲಿ ಅದೇ ವಂಶದಲ್ಲಿ ಈ ಬದಲಾವಣೆಯ ಒಂದೇ ಪ್ರತಿ ಇದ್ದ 27 ಜನರನ್ನು ನೋಡಿದಾಗ ಅವರಿಗೂ ಮರೆವು ಸುಮಾರು ಐದು ವರ್ಷ ತಡವಾಗಿ ಬಂದಿತ್ತು. ಅದೇ ವಂಶದ, ಅದೇ ಕೆಟ್ಟ ಜೀನ್ ಇದ್ದ ಇನ್ನೊಬ್ಬ ಗಂಡಸಿಗೆ ಕ್ರೈಸ್ಟ್‌ಚರ್ಚ್ ಇರಲೇ ಇಲ್ಲ, ಅವರನ್ನು ಅರವತ್ತೇಳರವರೆಗೆ ಕಾಯ್ದಿದ್ದು ರೀಲಿನ್ ಅನ್ನುವ ಬೇರೆಯೇ ಜೀನಿನ ಬದಲಾವಣೆ ಅನ್ನಲಾಗಿದೆ. ಸ್ವಾರಸ್ಯ ಏನೆಂದರೆ ರೀಲಿನ್ ಮತ್ತು ಎಪಿಒಇ ಎರಡೂ ಕೋಶದ ಒಂದೇ ಬಾಗಿಲಿಗೆ ಪೈಪೋಟಿ ಮಾಡುತ್ತವೆ.

ಸರಿ, ಇದೆಲ್ಲ ಅಪರೂಪದ ಸಂಸಾರದ ಕಥೆ, ನನಗೇನು ಅನ್ನಬಹುದು. ನಿಮಗೆ ಹತ್ತಿರದ್ದು ಕ್ಲೋಥೋ ಜೀನ್. ಅದರಲ್ಲಿ ಕೆಎಲ್-ವಿಎಸ್ ಅನ್ನುವ ಒಂದು ಬಗೆ ಇದೆ, ಅಷ್ಟೇನೂ ಅಪರೂಪ ಅಲ್ಲ. ಎಪಿಒಇ-4 ಇದ್ದು ಇದರ ಒಂದು ಪ್ರತಿಯೂ ಇರುವವರಲ್ಲಿ, ಅದರಲ್ಲೂ 60ರಿಂದ 80ರ ವಯಸ್ಸಿನವರಲ್ಲಿ, ಕಾಯಿಲೆಯ ಅಪಾಯ ಕಮ್ಮಿ ಅಂತ 2020ರ ದೊಡ್ಡ ಅಧ್ಯಯನ ತೋರಿಸಿತು. 4 ಇಲ್ಲದವರಲ್ಲಿ ಆ ಲಾಭ ಕಾಣಲಿಲ್ಲ. ಕೊಡೆ ಉಪಯೋಗಕ್ಕೆ ಬರುವುದು ಮಳೆ ಬಂದಾಗ ತಾನೆ! ಇನ್ನೂ ವಿಚಿತ್ರ ಅಂದರೆ ಈ ಅನುಕೂಲ ಒಂದು ಪ್ರತಿ ಇರುವವರಿಗೆ ಮಾತ್ರ. ಎರಡಿದ್ದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಿಮ್ಮ ರಿಪೋರ್ಟಿನಲ್ಲಿ ಇದ್ಯಾವುದೂ ಇರುವುದಿಲ್ಲ, ಅಲ್ವಾ? ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಇವೂ ಇರುವುದಿಲ್ಲ. ಇವೂ ಅಪಾಯ ಹೆಚ್ಚಿಸುತ್ತವೆ, ಇವಕ್ಕೆ ಮದ್ದಿದೆ, ಹಾಗಾಗಿ ನಾನಾದರೆ ಮೊದಲು ಇವನ್ನೇ ನೋಡಿಸಿಕೊಳ್ಳುತ್ತೇನೆ. ಆಮೇಲೆ ಬೇಕಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ.

ಡಿಎನ್ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮನ್ನು, ಅಂದರೆ ತಮ್ಮ ಡಿಎನ್ಎಯ ಪೂರ್ತಿ ಬರಹವನ್ನು, ಲೋಕಕ್ಕೆ ತೆರೆದಿಟ್ಟರು, ಎಪಿಒಇ ಒಂದನ್ನು ಬಿಟ್ಟು. ಅಜ್ಜಿಗೆ ಆಲ್ಝೈಮರ್ಸ್ ಇತ್ತು, ತಮ್ಮದು ಏನೆಂದು ತಿಳಿಯುವುದೇ ಬೇಡ ಅಂದರು. ಆಮೇಲೆ ಬೇರೆ ವಿಜ್ಞಾನಿಗಳು ಹೇಳಿದರು: ಅದೊಂದನ್ನು ಅಳಿಸಿ ಏನು ಉಪಯೋಗ, ಅಕ್ಕಪಕ್ಕದ ಅಕ್ಷರಗಳನ್ನು ನೋಡಿಯೇ ಊಹಿಸಬಹುದು. ಕೊನೆಗೆ ಸುತ್ತಲಿನ ಭಾಗವನ್ನೂ ಮುಚ್ಚಬೇಕಾಯಿತು.