ವ್ಯಸನಿಗಳ ನಿಗಾ ಕೇಂದ್ರ: ಜನಾಭಿಪ್ರಾಯ ಹೊರಳಿದ ಹಾದಿ

ಕಾನೂನು ನಿಷೇಧಿಸಿರುವ ಮಾದಕ ವಸ್ತುವನ್ನು ಸೇವಿಸುವುದಕ್ಕೆಂದೇ ಸರ್ಕಾರದ ಒಪ್ಪಿಗೆಯಿಂದ ಒಂದು ಕೊಠಡಿ ತೆರೆಯಬಹುದೇ ಎಂಬ ಚರ್ಚೆ ಸುಮಾರು ನಾಲ್ಕು ದಶಕಗಳಷ್ಟು ಹಳೆಯದು. ಈ ಅವಧಿಯಲ್ಲಿ ಜನರ ನಿಲುವು ಹಲವು ಸಲ ಹೊರಳಿದೆ. ಕೊಠಡಿಯ ಒಳಗಿನ ಕೆಲಸ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಬರುವವರು ತಮ್ಮ ವಸ್ತುವನ್ನು ತಾವೇ ಹೊರಗಿನಿಂದ ತರುತ್ತಾರೆ. ಕೇಂದ್ರ ಅದನ್ನು ಮಾರುವುದೂ ಇಲ್ಲ, ಕೊಡುವುದೂ ಇಲ್ಲ; ಹೊಸ ಸೂಜಿ ಕೊಡುತ್ತದೆ, ಉಸಿರು ಕುಂದಿದರೆ ಆಮ್ಲಜನಕವನ್ನೂ ಅತಿಸೇವನೆಯ ಪರಿಣಾಮ ತಡೆಯುವ ನಲೋಕ್ಸೋನ್ ಔಷಧಿಯನ್ನೂ ಕೊಟ್ಟು ಬದುಕಿಸುತ್ತದೆ.

ಇಂಥ ಮೊದಲ ಅಧಿಕೃತ ಕೇಂದ್ರ 1986ರಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ ಆರಂಭವಾಯಿತು. ಆದರೆ ಆ ದೇಶದ ಮನಸ್ಸನ್ನು ಬದಲಿಸಿದ್ದು ಜ್ಯೂರಿಕ್‌ನ ಒಂದು ಉದ್ಯಾನ. ಮುಖ್ಯ ರೈಲು ನಿಲ್ದಾಣದ ಪಕ್ಕದ ಪ್ಲಾಟ್ಸ್‌ಪಿಟ್ಸ್‌ನಲ್ಲಿ 1987ರಿಂದ ಪೊಲೀಸರು ಬಹಿರಂಗ ಸೇವನೆಯನ್ನು ಕಂಡೂ ಕಾಣದಂತೆ ಇದ್ದರು. ಏಡ್ಸ್ ಹರಡುತ್ತಿದ್ದ ಕಾಲವದು. ನಾನಾ ಊರುಗಳಿಂದ ಬಂದ ಸಾವಿರಾರು ಜನ ಹಗಲಿನಲ್ಲೇ ಅಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ದೃಶ್ಯ ಜಗತ್ತಿನ ಟಿವಿ ಪರದೆಗಳ ಮೇಲೆ ಬಂತು. 1992ರ ಫೆಬ್ರುವರಿಯಲ್ಲಿ ಉದ್ಯಾನವನ್ನು ಮುಚ್ಚಿದಾಗ ಅದೇ ಗುಂಪು ಲೆಟೆನ್ ಎಂಬ ಪಾಳು ರೈಲು ನಿಲ್ದಾಣಕ್ಕೆ ಸರಿಯಿತು, ಮೂರು ವರ್ಷಗಳ ನಂತರ ಅದನ್ನೂ ಮುಚ್ಚಬೇಕಾಯಿತು. ಎರಡನೆಯ ಬಾರಿ ಬೀದಿ ಮತ್ತೆ ತುಂಬಲಿಲ್ಲ. ಚಿಕಿತ್ಸೆ, ನಿಗಾ ಕೊಠಡಿಗಳು, ವೈದ್ಯರೇ ವ್ಯಸನಿಗಳಿಗೆ ಹೆರಾಯಿನ್ ಕೊಡುವ, 1994ರಲ್ಲಿ ಶುರುವಾದ ಪ್ರಯೋಗ ಹಾಗೂ ಪೊಲೀಸ್ ಕ್ರಮ, ಇವೆಲ್ಲವೂ ಆ ವೇಳೆಗೆ ಒಟ್ಟಿಗೆ ಸಿದ್ಧವಾಗಿದ್ದವು. ಪೊಲೀಸರೂ ವೈದ್ಯರೂ ಒಂದೇ ಮೇಜಿಗೆ ಬಂದದ್ದನ್ನು ಈ ಇತಿಹಾಸ ಹೇಳುವವರು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಸ್ವಿಸ್ ಮತದಾರರ ತೀರ್ಪು ಕುತೂಹಲಕರವಾಗಿದೆ. ಕಟ್ಟುನಿಟ್ಟಿನ ವರ್ಜನೆಯ ನೀತಿ ಬೇಕೆಂಬ ಪ್ರಸ್ತಾವ 1997ರಲ್ಲಿ, ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸಬೇಕೆಂಬ ಪ್ರಸ್ತಾವ 1998ರಲ್ಲಿ ಜನಮತಕ್ಕೆ ಬಂದವು. ಎರಡನ್ನೂ ಶೇ 70ಕ್ಕೂ ಹೆಚ್ಚು ಮಂದಿ ತಳ್ಳಿಹಾಕಿದರು. ನಡುದಾರಿಯ ನೀತಿಗೆ 2008ರಲ್ಲಿ ಶೇ 68ರಷ್ಟು ಮತ ಬಿತ್ತು. ವ್ಯಸನಿಗಳ ಮೇಲಿನ ಕನಿಕರವಷ್ಟೇ ಈ ಮತಗಳನ್ನು ತಂದಿತು ಎನ್ನುವುದು ಕಷ್ಟ. ಉದ್ಯಾನ ತಮಗೆ ಮರಳಿ ಸಿಕ್ಕಿದ್ದನ್ನು ಜನ ಕಣ್ಣಾರೆ ಕಂಡಿದ್ದರು.

ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿ 2001ರ ಮೇ ತಿಂಗಳಲ್ಲಿ ತೆರೆದ ಕೇಂದ್ರದ್ದೂ ಹೆಚ್ಚುಕಡಿಮೆ ಇದೇ ಕಥೆ: ತೆರೆಯುವ ಮುನ್ನ ಸುತ್ತಲಿನ ನಿವಾಸಿಗಳಲ್ಲಿ ಶೇ 68ರಷ್ಟಿದ್ದ ಬೆಂಬಲ 2002ರ ಹೊತ್ತಿಗೆ ಶೇ 78ಕ್ಕೇರಿತ್ತು. ಪ್ರಯೋಗವೆಂಬ ಹಣೆಪಟ್ಟಿಯನ್ನು ನ್ಯೂ ಸೌತ್ ವೇಲ್ಸ್ ರಾಜ್ಯದ ಸಂಸತ್ತು ತೆಗೆದದ್ದು 2010ರಲ್ಲಿ.

ಕೆನಡಾದ ಹಾದಿ ಹೆಚ್ಚು ಸಿಕ್ಕುಸಿಕ್ಕಾದದ್ದು. ವ್ಯಾಂಕೂವರ್‌ನ ಇನ್‌ಸೈಟ್ ಕೇಂದ್ರ 2003ರಲ್ಲಿ ಕಾನೂನಿನಿಂದ ವಿಶೇಷ ವಿನಾಯಿತಿ ಪಡೆದು ತೆರೆಯಿತು. ಅದರಿಂದ 500 ಮೀಟರ್ ಒಳಗಿನ ಪ್ರದೇಶದಲ್ಲಿ ಅತಿಸೇವನೆಯ ಸಾವುಗಳು ಶೇ 35ರಷ್ಟು ಇಳಿದಿವೆ, ನಗರದ ಉಳಿದೆಡೆ ಇಳಿಕೆ ಶೇ 9ರಷ್ಟು ಮಾತ್ರ ಎಂಬ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದೇ ವರ್ಷ, ವಿನಾಯಿತಿ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಅಲ್ಲಿಗೆ ವಿವಾದ ಮುಗಿಯಿತೆಂದು ಬೆಂಬಲಿಗರು ಬಗೆದರು. ಆದರೆ ಹೆರಾಯಿನ್‌ಗಿಂತ ಬಹುಪಾಲು ಪ್ರಬಲವಾದ ಫೆಂಟನಿಲ್ ಎಂಬ ಮಾದಕ ವಸ್ತು ಬಂದು ಸಾವುಗಳು ಏರಿದವು, 2016ರಲ್ಲಿ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು, ಕೇಂದ್ರಗಳು ಹಲವು ನಗರಗಳಿಗೆ ಹಬ್ಬಿದವು. ಕೊಠಡಿಯಲ್ಲಿ ಬದುಕುಳಿದವರು ನೆರೆಯವರ ಕಣ್ಣಿಗೆ ಬೀಳುವುದಿಲ್ಲ. ಶಾಲೆಯ ಬೇಲಿಯ ಬಳಿ ಬಿದ್ದ ಸೂಜಿ ಕಣ್ಣಿಗೆ ಬೀಳುತ್ತದೆ. ಕೇಂದ್ರಗಳ ಪರ ವಾದಿಸಿದವರು ಜೀವಗಳ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟರು, ಪಾದಚಾರಿ ಮಾರ್ಗದ ಲೆಕ್ಕವನ್ನು ಅಷ್ಟಾಗಿ ಇಡಲಿಲ್ಲ. ಶಾಲೆ, ಶಿಶುಪಾಲನಾ ಕೇಂದ್ರಗಳಿಂದ 200 ಮೀಟರ್ ಒಳಗಿರುವ ಕೇಂದ್ರಗಳನ್ನು ಮುಚ್ಚಲು 2024ರಲ್ಲಿ ಒಂಟಾರಿಯೊ ಪ್ರಾಂತ್ಯ ನಿರ್ಧರಿಸಿದಾಗ, ಹಳೆಯ ಅಂಕಿಅಂಶಗಳು ಹೆಚ್ಚು ನೆರವಿಗೆ ಬರಲಿಲ್ಲ.

ಅಮೆರಿಕದಲ್ಲಿ ನ್ಯೂಯಾರ್ಕ್ 2021ರಲ್ಲಿ ಎರಡು ಕೇಂದ್ರಗಳನ್ನು ಕಂಡಿತು, ಕ್ಯಾಲಿಫೋರ್ನಿಯಾದ ಮಸೂದೆಯನ್ನು ಮರುವರ್ಷ ರಾಜ್ಯಪಾಲರು ತಡೆದರು. ಬ್ರಿಟನ್ನಿನ ಮೊದಲ ಅಧಿಕೃತ ಕೇಂದ್ರ 2025ರ ಜನವರಿಯಲ್ಲಿ ಗ್ಲಾಸ್ಗೋದಲ್ಲಿ ತೆರೆಯಿತು. ಒಂಟಾರಿಯೊ ವಿಧಿಸಿದ್ದ ಗಡುವು ಅದೇ ವರ್ಷದ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಸೂಜಿಗಳ ಬಗ್ಗೆ ನೆರೆಹೊರೆಯವರ ದೂರು ಗ್ಲಾಸ್ಗೋದಲ್ಲೂ ಕೇಳಿಬಂದಿದೆ.