ಕಂಕುಳಿನ ಸಣ್ಣ ಗಾಯ

ಇರಿತಕ್ಕೊಳಗಾದವರು ಕ್ಯಾಶುವಾಲ್ಟಿಗೆ ಬಂದಾಗ, ಬಟ್ಟೆ ಕತ್ತರಿಸಿ ತೆಗೆದ ಕೂಡಲೇ ಎರಡೂ ತೋಳುಗಳನ್ನು ಮೇಲೆತ್ತಿ ಕಂಕುಳನ್ನು ನೋಡಬೇಕೆಂದು ಮೂವತ್ತು ವರ್ಷಗಳಿಂದ ನಾನು ಹೌಸ್ ಸರ್ಜನ್‌ಗಳಿಗೆ ಹೇಳುತ್ತ ಬಂದಿದ್ದೇನೆ. ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ತರಬೇತಿಯ ದಿನಗಳಲ್ಲಿ ಒಂದು ರಾತ್ರಿ, ತಲೆಯಿಂದ ಧಾರಾಕಾರ ರಕ್ತ ಸುರಿಯುತ್ತಿದ್ದ ಯುವಕನೊಬ್ಬನ ನೆತ್ತಿಗೆ ಹೊಲಿಗೆ ಹಾಕುವುದರಲ್ಲಿಯೇ ನನ್ನ ಗಮನವೆಲ್ಲ ಇತ್ತು. ಅವನ ಉಸಿರಾಟ ಏರುತ್ತಿರುವುದನ್ನು ಕಂಡ ಹಿರಿಯ ವೈದ್ಯರು ಬಂದು ಎಡತೋಳನ್ನು ಎತ್ತಿದರು. ಅಲ್ಲಿ ಅರ್ಧ ಇಂಚಿನ, ರಕ್ತವೇ ಒಸರದ ಒಂದು ಸೀಳು ಇತ್ತು. ಎದೆಗೆ ಟ್ಯೂಬ್ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ರಕ್ತ ಬಾಟಲಿಗೆ ಇಳಿಯಿತು. ಹುಡುಗ ಉಳಿದುಕೊಂಡ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾಗ, ಪ್ರಿನ್ಸ್‌ಟನ್ ಯುದ್ಧಭೂಮಿಯ ಅಂಚಿನಲ್ಲಿರುವ ಕ್ಲಾರ್ಕ್ ಕುಟುಂಬದ ಮನೆಯ ಮುಂದೆ ಆ ರಾತ್ರಿ ನೆನಪಾಯಿತು. ಹಲಗೆ ಹೊದಿಸಿದ, ಬಿಳಿ ಬಣ್ಣದ, ಎರಡು ಅಂತಸ್ತಿನ ಆ ರೈತರ ಮನೆಯನ್ನು ಥಾಮಸ್ ಕ್ಲಾರ್ಕ್ 1772ರ ಸುಮಾರಿಗೆ ಕಟ್ಟಿಸಿದರು. ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದ ಆ ಮನೆಯವರ ಪಾಲಿಗೆ 1777ರ ಜನವರಿ 3ರ ಬೆಳಿಗ್ಗೆ, ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಸಮರದ ನಡುವೆ, ಯುದ್ಧವೇ ಹೊಸ್ತಿಲಿಗೆ ಬಂದಿತು.

ಹಿಂದಿನ ರಾತ್ರಿ ಅಮೆರಿಕನ್ ಸೇನೆಯ ದಂಡನಾಯಕ ಜಾರ್ಜ್ ವಾಷಿಂಗ್ಟನ್ ಅವರು ಟ್ರೆಂಟನ್ ಬಳಿಯ ಶಿಬಿರದಲ್ಲಿ ಬೆಂಕಿಗಳನ್ನು ಉರಿಯಲು ಬಿಟ್ಟು, ಎದುರಿಗಿದ್ದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್‌ಗೆ ತಿಳಿಯದಂತೆ ಸೇನೆಯನ್ನು ಪ್ರಿನ್ಸ್‌ಟನ್ ಕಡೆಗೆ ನಡೆಸಿದ್ದರು. (1791ರಲ್ಲಿ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಇವರೇ.) ಬೆಳಗಾಗುತ್ತಲೇ ಹಣ್ಣಿನ ತೋಟವೊಂದರಲ್ಲಿ ಬ್ರಿಟಿಷರ 17ನೇ ರೆಜಿಮೆಂಟ್ ಎದುರಾಯಿತು. ಅಮೆರಿಕನ್ನರ ಮುಂಚೂಣಿಯಲ್ಲಿದ್ದವರು ಬ್ರಿಗೇಡಿಯರ್ ಜನರಲ್ ಹ್ಯೂ ಮರ್ಸರ್. ಅವರ ಬಂಟರಲ್ಲಿ ಹಲವರ ಬಂದೂಕುಗಳಿಗೆ ಬಯೊನೆಟ್, ಅಂದರೆ ನಳಿಗೆಯ ತುದಿಗೆ ಸಿಕ್ಕಿಸುವ ಇರಿಯುವ ಮೊನೆ, ಇರಲಿಲ್ಲ. ಬ್ರಿಟಿಷರು ಬಯೊನೆಟ್ ಹಿಡಿದೇ ನುಗ್ಗಿದರು. ಮರ್ಸರ್ ಅವರ ಕುದುರೆ ಗುಂಡೇಟು ತಗಲಿ ಬಿದ್ದಿತು. ಶರಣಾಗಲೊಪ್ಪದೆ ಕತ್ತಿ ಹಿರಿದ ಮರ್ಸರ್ ಅವರ ತಲೆಗೆ ಬಂದೂಕಿನ ಹಿಡಿಯಿಂದ ಹೊಡೆದು, ಮೈಗೆ ಏಳು ಕಡೆ ತಿವಿದರು. ತೋಟದಿಂದ ಕ್ಲಾರ್ಕ್ ಮನೆ ಕೂಗಳತೆಯ ದೂರ; ಅವರನ್ನು ಅಲ್ಲಿಗೇ ಎತ್ತಿಕೊಂಡು ಹೋದರು.

ಮರ್ಸರ್ ಸ್ವತಃ ವೈದ್ಯರು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಓದಿ, 1746ರ ಕಲೋಡನ್ ಯುದ್ಧದಲ್ಲಿ ಬ್ರಿಟಿಷ್ ಸಿಂಹಾಸನಕ್ಕಾಗಿ ದಂಗೆಯೆದ್ದಿದ್ದ ರಾಜಕುಮಾರ ಚಾರ್ಲ್ಸನ ಸೇನೆಗೆ ಸಹಾಯಕ ಶಸ್ತ್ರವೈದ್ಯರಾಗಿದ್ದರು. ಅಲ್ಲಿ ಗೆದ್ದ ಸರ್ಕಾರಿ ಸೈನಿಕರು ಬಿದ್ದಿದ್ದ ಗಾಯಾಳುಗಳನ್ನು ಇರಿದು ಕೊಂದರು. ತಲೆ ಮರೆಸಿಕೊಂಡಿದ್ದ ಮರ್ಸರ್ ಮರುವರ್ಷ ಅಮೆರಿಕಕ್ಕೆ ಬಂದರು. ವರ್ಜೀನಿಯದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಅವರು ಔಷಧದಂಗಡಿ ಇಟ್ಟಿದ್ದರು. ಹೀಗಾಗಿ ಕ್ಲಾರ್ಕ್ ಮನೆಯ ಹಾಸಿಗೆಯ ಮೇಲಿದ್ದ ಗಾಯಾಳುವಿಗೆ ಗಾಯಗಳ ವಿಷಯ ಚೆನ್ನಾಗಿ ಗೊತ್ತಿತ್ತು. ಫಿಲಡೆಲ್ಫಿಯದ ಹೆಸರಾಂತ ವೈದ್ಯ ಬೆಂಜಮಿನ್ ರಶ್ ಅವರೂ ಬಂದು ಆರೈಕೆ ಮಾಡಿದರು. ವಾಷಿಂಗ್ಟನ್ ತಮ್ಮ ಸೋದರಳಿಯ ಜಾರ್ಜ್ ಲೂಯಿಸ್ ಅವರನ್ನು ಕಳುಹಿಸಿಕೊಟ್ಟರು.

ವಾಷಿಂಗ್ಟನ್ ಕುಟುಂಬದಲ್ಲಿ ಉಳಿದು ಬಂದ ಒಂದು ಕಥನ ಹೀಗಿದೆ: ಗಾಯಗಳು ಹಲವಾದರೂ ಅಪಾಯವಿಲ್ಲವೆಂದು ಶಸ್ತ್ರವೈದ್ಯರು ಹೇಳಿದಾಗ, ಮರ್ಸರ್ ತಮ್ಮ ಬಲತೋಳನ್ನು ಎತ್ತಲು ಹೇಳಿ, ಅಲ್ಲಿರುವ ಎಲ್ಲಕ್ಕಿಂತ ಸಣ್ಣ ಗಾಯವೇ ತಮ್ಮ ಜೀವ ತೆಗೆಯುತ್ತದೆ ಎಂದು ತೋರಿಸಿದರಂತೆ. ಮುಂದೆ ಕೈಸೇರಿದ ಇಂಥ ಕಥನಗಳಲ್ಲಿ ಮಾತುಗಳು ತಿದ್ದಿಕೊಂಡಿರಬಹುದು. ಆದರೆ ವೈದ್ಯಕೀಯವಾಗಿ ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ಆ ಕಾಲದ ಬ್ರಿಟಿಷ್ ಬಯೊನೆಟ್ ಸುಮಾರು 17 ಇಂಚು ಉದ್ದದ, ಮೂರು ಏಣಿನ ಉಕ್ಕಿನ ಮೊನೆ. ಅದು ಚರ್ಮದ ಮೇಲೆ ಬಿಡುವ ಗುರುತು ಕಿರುಬೆರಳ ಉಗುರಿನಷ್ಟೇ ಇರಬಹುದು, ಆಳ ಮಾತ್ರ ಹೊರಗಿನಿಂದ ತಿಳಿಯುವುದಿಲ್ಲ. ಕಂಕುಳಿನಲ್ಲಿ ಚರ್ಮ ಸಡಿಲ. ತೋಳು ಇಳಿಸಿದೊಡನೆ ಪದರಗಳು ಒಂದರ ಮೇಲೊಂದು ಸರಿದು ಗಾಯದ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಹಿಂದೆ ಪಕ್ಕೆಲುಬುಗಳ ಸಂದಿ, ಸಂದಿಯ ಹಿಂದೆ ಶ್ವಾಸಕೋಶದ ಹೊರಪೊರೆ. ಮರ್ಸರ್ ಒಂಬತ್ತು ದಿನ ಬದುಕಿದ್ದು ಜನವರಿ 12ರಂದು ತೀರಿಕೊಂಡದ್ದನ್ನು ನೋಡಿದರೆ, ದೊಡ್ಡ ರಕ್ತನಾಳ ತುಂಡಾಗಿರಲಾರದು, ಎದೆಗೂಡಿನಲ್ಲಿ ನಿಂತ ರಕ್ತಕ್ಕೆ ಸೋಂಕು ತಗಲಿ ಕೀವಾಗಿರಬೇಕು ಎಂಬುದು ನನ್ನ ಊಹೆ. ಇಂದು ಹತ್ತು ನಿಮಿಷದಲ್ಲಿ ಟ್ಯೂಬ್ ಹಾಕಿ, ನೀರು ತುಂಬಿದ ಬಾಟಲಿಗೆ ಜೋಡಿಸಿ, ಆ್ಯಂಟಿಬಯಾಟಿಕ್ ಕೊಟ್ಟರೆ ಇಂಥ ಹೆಚ್ಚಿನವರು ಮನೆಗೆ ಹೋಗುತ್ತಾರೆ.

ಆಗಿನ ಶಸ್ತ್ರವೈದ್ಯರ ಪೆಟ್ಟಿಗೆಯಲ್ಲಿ ಗರಗಸ, ಚಾಕು, ಗುಂಡು ಹುಡುಕುವ ಸಲಾಕೆ, ತಿರುಪು ಬಿಗಿದು ರಕ್ತ ತಡೆಯುವ ಪಟ್ಟಿ ಇರುತ್ತಿದ್ದವು. ಪ್ರಜ್ಞೆ ತಪ್ಪಿಸುವ ಈಥರ್ ಬಂದದ್ದು 1846ರಲ್ಲಿ, ಬ್ರಿಟಿಷ್ ಶಸ್ತ್ರವೈದ್ಯ ಲಿಸ್ಟರ್ ಅವರ ಕ್ರಿಮಿನಾಶಕ ವಿಧಾನ 1867ರಲ್ಲಿ. ಮೆತ್ತನೆಯ ಸೀಸದ ಗುಂಡು ಚಪ್ಪಟೆಯಾಗುತ್ತ, ಕೋಟಿನ ಕೊಳಕು ಬಟ್ಟೆಯ ಚೂರನ್ನೂ ಜೊತೆಗೆ ಮಾಂಸದೊಳಕ್ಕೆ ಎಳೆದೊಯ್ಯುತ್ತಿತ್ತು. ಕೈಕಾಲು ಕತ್ತರಿಸುವ ನಿರ್ಧಾರದ ಹಿಂದೆ ಕೊಳೆಯುವಿಕೆಯ ಭಯವೇ ಇರುತ್ತಿತ್ತು. ಇಷ್ಟಕ್ಕೆ ಬೇಕಾದದ್ದು ಸೂರು, ಒಲೆ, ನೀರು, ಅಗಲವಾದ ಮೇಜು, ಹರಿದು ಪಟ್ಟಿ ಮಾಡಲು ಹಳೆಯ ಬಟ್ಟೆ. ರಣರಂಗದ ಆಸ್ಪತ್ರೆಗಳು ಸಾಮಾನ್ಯವಾಗಿ ರೈತರ ಮನೆಗಳಲ್ಲೋ ಚರ್ಚುಗಳಲ್ಲೋ ತೆರೆದುಕೊಂಡದ್ದು ಇದೇ ಕಾರಣಕ್ಕೆ.

ಆದರೂ ಒಂದು ವಿಷಯದಲ್ಲಿ ಆ ಮನೆ ದೊಡ್ಡ ಸೇನಾ ಆಸ್ಪತ್ರೆಗಳಿಗಿಂತ ಮೇಲಾಗಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ: ಅಲ್ಲಿ ಜನ ಕಡಿಮೆ ಇದ್ದರು. ಅದೇ 1777ರಲ್ಲಿ ಪ್ರಿನ್ಸ್‌ಟನ್ನಿನ ಕಿಕ್ಕಿರಿದ ಸೇನಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಜೇಮ್ಸ್ ಟಿಲ್ಟನ್ ಅವರಿಗೇ ಟೈಫಸ್ ಜ್ವರ ತಗಲಿ ಅವರು ಸಾವಿನ ದವಡೆಯಿಂದ ಪಾರಾದರು. ಈ ಜ್ವರವನ್ನು ಹರಡುವುದು ಬಟ್ಟೆಯ ಹೇನು ಎಂಬುದು ತಿಳಿದದ್ದು 1909ರಲ್ಲಿ. ಕಾರಣ ತಿಳಿಯದಿದ್ದರೂ ಟಿಲ್ಟನ್ ಕಂಡದ್ದನ್ನು ನಂಬಿದರು. 1779–80ರ ಚಳಿಗಾಲದಲ್ಲಿ ಮಾರಿಸ್‌ಟೌನ್‌ನಲ್ಲಿ ಮಣ್ಣಿನ ನೆಲದ, ನಡುವೆ ಬೆಂಕಿಯಿದ್ದ, ಮಾಡಿನಲ್ಲಿ ಹೊಗೆಗಂಡಿ ಬಿಟ್ಟ ದಿಮ್ಮಿಯ ಗುಡಿಸಲುಗಳನ್ನು ಕಟ್ಟಿಸಿ ರೋಗಿಗಳನ್ನು ಬೇರೆ ಬೇರೆಯಾಗಿ ಮಲಗಿಸಿದರು. ಕತ್ತಿಗಿಂತ ಆಸ್ಪತ್ರೆಗಳೇ ಹೆಚ್ಚು ಜನರನ್ನು ಕೊಂದವೆಂದು ರಶ್ ಕೂಡ ಬರೆದರು. ಒಂದೇ ಮಂಚದಲ್ಲಿ ಇಬ್ಬರನ್ನು ಮಲಗಿಸಬೇಕಾಗಿ ಬಂದ ವಾರ್ಡುಗಳಲ್ಲಿ ಕೆಲಸ ಮಾಡಿರುವ ನನಗೆ, ಅಲ್ಲಿ ಶಸ್ತ್ರಚಿಕಿತ್ಸೆ ಗೆದ್ದೂ ಸೋಂಕಿನಿಂದ ಸೋತ ರೋಗಿಗಳ ಮುಖಗಳು ಇನ್ನೂ ನೆನಪಿನಲ್ಲಿವೆ.

ಕ್ಲಾರ್ಕ್ ಮನೆಯಲ್ಲಿ ಎರಡೂ ಪಕ್ಷಗಳ ಗಾಯಾಳುಗಳು ಒಂದೇ ಸೂರಿನಡಿ ಇದ್ದರು. ಕಲೋಡನ್ನನ್ನು ಕಂಡಿದ್ದ ಮರ್ಸರ್ ಅವರಿಗೆ ಇದು ಹೇಗೆ ಕಂಡಿರಬಹುದೆಂದು ನಾನು ಬಹಳ ಹೊತ್ತು ಯೋಚಿಸಿದೆ. ಮೈದಾನದ ಇನ್ನೊಂದು ಬದಿಯಲ್ಲಿ, ಕಲ್ಲಿನ ಕಂಬಸಾಲಿನ ಹಿಂದೆ, 21 ಬ್ರಿಟಿಷ್ ಮತ್ತು 15 ಅಮೆರಿಕನ್ ಸೈನಿಕರ ಸಮಾಧಿಯೂ ಒಂದೇ.

ಪ್ರಿನ್ಸ್‌ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ವಿಶ್ವವಿದ್ಯಾಲಯ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಈ ಮೈದಾನ ಅಲ್ಲಿಂದ ಎರಡು ಮೈಲಿಯೊಳಗಿದೆ. ಮರ್ಸರ್ ಅವರ ಹೆಸರಿನ ಹಳೆಯ ಓಕ್ ಮರ 2000ದಲ್ಲಿ ಉರುಳಿತು. ಅದರ ಬೀಜದಿಂದಲೇ ಬೆಳೆಸಿದ ಸಸಿಯನ್ನು ಹಳೆಯ ಬುಡದೊಳಗೇ ನೆಟ್ಟಿದ್ದಾರೆ. ಮರದ ಬಳಿ ಫೋಟೊ ತೆಗೆಸಿಕೊಂಡ ಮೇಲೆ ದಯವಿಟ್ಟು ಮನೆಯವರೆಗೂ ನಡೆದು ಹೋಗಿ. ಗಾಯಾಳುಗಳನ್ನು ಎತ್ತಿಕೊಂಡು ಬಂದವರು ಜನವರಿಯ ಹೆಪ್ಪುಗಟ್ಟಿದ ನೆಲದ ಮೇಲೆ ನಡೆದದ್ದು ಆ ಬಯಲಿನಲ್ಲೇ.