ಕಪ್ಪು ಹೊಗೆ ಶಕ್ತಿಯ ಗುರುತಲ್ಲ: ಹಳೇ ಟ್ರಕ್ಕಿಗೆ ಹೊಸ ಡೀಸೆಲ್ ಎಂಜಿನ್

ಘಾಟಿ ಹತ್ತುವಾಗ ಲಾರಿ ಕಪ್ಪು ಹೊಗೆ ಉಗುಳಿದರೆ "ಏನು ಪವರ್ ನೋಡು" ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಮೆರಿಕದಲ್ಲಂತೂ ಪಿಕಪ್ ಟ್ರಕ್ಕಿನಿಂದ ಬೇಕಂತಲೇ ಹೊಗೆ ಬರಿಸಿಕೊಂಡು ಮೆರೆಯುವ ಗುಂಪುಗಳೇ ಇವೆ. ಇದು ಶುದ್ಧ ಮೂಢನಂಬಿಕೆ. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲ. ನೀವು ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ ಕೆಲಸ ಮಾಡದೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿದೆ.

ಇದರ ಜೊತೆಗೇ ಹುಟ್ಟಿದ ಇನ್ನೊಂದು ನಂಬಿಕೆ ಇದೆ. ಹಳೇ ಎಂಜಿನ್ನೇ ಗಟ್ಟಿ, ಹೊಸದರಲ್ಲಿ ಬರೀ ವೈರು ಮತ್ತು ಕಂಪ್ಯೂಟರ್, ಅದೆಲ್ಲ ಕಂಪನಿಯವರ ದುಡ್ಡಿನಾಸೆ ಅನ್ನುವುದು. ಹಳೇ ಟ್ರಕ್ಕಿಗೆ ಹೊಸ ಡೀಸೆಲ್ ಎಂಜಿನ್ ಕೂರಿಸಲು ಹೊರಟವರಲ್ಲಿ ಇದು ಜಾಸ್ತಿ. ಕಬ್ಬಿಣದ ಗಡ್ಡೆ ಎತ್ತಿ ಇಟ್ಟು ಬೋಲ್ಟ್ ಬಿಗಿದರೆ ಆಯ್ತು, ವೈರು ಆಮೇಲೆ ನೋಡಿಕೊಳ್ಳೋಣ ಅಂದುಕೊಳ್ಳುತ್ತಾರೆ. ಆದರೆ ಹೊಸ ಡೀಸೆಲ್‌ನ ಜಾಣ್ಮೆ ಕಬ್ಬಿಣಕ್ಕಿಂತ ಹೆಚ್ಚಾಗಿ ಆ ವೈರಿನಲ್ಲೇ ಇದೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. 1989ರಲ್ಲಿ ಡಾಡ್ಜ್ ತನ್ನ ರಾಮ್ ಪಿಕಪ್‌ಗೆ ಕಮ್ಮಿನ್ಸ್‌ನ 5.9 ಲೀಟರ್, ಆರು ಸಿಲಿಂಡರಿನ ಎಂಜಿನ್ ಹಾಕಿತು. 160 ಅಶ್ವಶಕ್ತಿ, 542 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ತೂಕ ಸುಮಾರು ಅರ್ಧ ಟನ್. ಇದೇ 'ಬಿ' ಸರಣಿಯ ಎಂಜಿನ್ ನಮ್ಮ ಟಾಟಾ ಲಾರಿಗಳಿಗೂ ಬಂತು. 1993ರಲ್ಲಿ ಟಾಟಾ ಮತ್ತು ಕಮ್ಮಿನ್ಸ್ ಸೇರಿ ಜಮ್‌ಶೆಡ್‌ಪುರದಲ್ಲಿ ಕಂಪನಿ ಕಟ್ಟಿದ್ದು ಅದಕ್ಕೇ. 1994ರಿಂದ ಅಮೆರಿಕದ ಪಿಕಪ್‌ಗಳಿಗೆ ಬಂದ ಮಾದರಿಯಲ್ಲಿ ಬಾಷ್‌ನ ಪಿ7100 ಎಂಬ, ಇಂಧನವನ್ನು ಸಿಲಿಂಡರಿಗೆ ನುಗ್ಗಿಸುವ ಇಂಜೆಕ್ಷನ್ ಪಂಪ್ ಇತ್ತು. ಎಲ್ಲವೂ ಯಾಂತ್ರಿಕ. ಸ್ಟಾರ್ಟರ್ ತಿರುಗಿಸಲು ಬ್ಯಾಟರಿ, ಇಂಧನ ನಿಲ್ಲಿಸುವ ಸೊಲೆನಾಯ್ಡ್‌ಗೆ ಒಂದು ವೈರು, ಅಷ್ಟಿದ್ದರೆ ಎಂಜಿನ್ ಓಡುತ್ತದೆ. ಹಳೇ ಫೋರ್ಡ್, ಷೆವರ್ಲೆ ಟ್ರಕ್ಕುಗಳಿಗೆ ಜನ ಇದನ್ನೇ ಕೂರಿಸಿದರು. ಕೆಲಸ ಚೆನ್ನಾಗೇ ಆಯಿತು. ಆದರೆ 2003ಕ್ಕೆ ಅದೇ ಎಂಜಿನ್‌ಗೆ ಕಾಮನ್ ರೈಲ್ ಎಂಬ ಹೊಸ ಇಂಧನ ವ್ಯವಸ್ಥೆ ಬಂತು. ಹೊರಗಿನಿಂದ ನೋಡಿದರೆ ಹೆಚ್ಚುಕಡಿಮೆ ಅದೇ ಗಡ್ಡೆ. ಕೆಲಸ ಮಾಡುವ ರೀತಿ ಮಾತ್ರ ಪೂರ್ತಿ ಬೇರೆ.

ಅಂದ ಹಾಗೆ, ಕಮ್ಮಿನ್ಸ್ ಕಂಪನಿ ಹೆಸರು ಮಾಡಿದ್ದೇ ಇಂಥ ಒಂದು ಕಸಿಯಿಂದ. ಕ್ಲೆಸ್ಸಿ ಕಮ್ಮಿನ್ಸ್ 1919ರಲ್ಲಿ ಇಂಡಿಯಾನಾದ ಕೊಲಂಬಸ್ ಊರಲ್ಲಿ ಕಂಪನಿ ಶುರು ಮಾಡಿದ. ಹತ್ತು ವರ್ಷವಾದರೂ ಲಾಭ ಕಾಣಲಿಲ್ಲ. 1929ರ ಕೊನೆಗೆ ದೋಣಿಗೆಂದು ಮಾಡಿದ್ದ ಒಂದು ಡೀಸೆಲ್ ಎಂಜಿನ್ ತೆಗೆದು ಹಳೇ ಪ್ಯಾಕರ್ಡ್ ಕಾರಿನ ಬಾನೆಟ್ ಅಡಿ ಕೂರಿಸಿದ. 1930ರ ಜನವರಿಯಲ್ಲಿ ಅದನ್ನು ಇಂಡಿಯಾನಾದಿಂದ ನ್ಯೂಯಾರ್ಕ್‌ವರೆಗೆ, ಸುಮಾರು 800 ಮೈಲಿ, ಓಡಿಸಿಕೊಂಡು ಹೋದ. ಇಂಧನದ ಖರ್ಚು 1 ಡಾಲರ್ 38 ಸೆಂಟ್. ಡೀಸೆಲ್ ಎಂದರೆ ಹಡಗಿಗೆ, ಕಾರ್ಖಾನೆಗೆ ಮಾತ್ರ ಅಂದುಕೊಂಡಿದ್ದ ಅಮೆರಿಕದವರಿಗೆ ಅದು ದೊಡ್ಡ ಸುದ್ದಿ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಮೂರು ಮೀಟರ್ ಎತ್ತರವಿತ್ತು. ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಬದಲಿಸುತ್ತಿತ್ತು. ಆ ಕಾಲದ ಉಗಿಯಂತ್ರಗಳು ಇದರ ಹತ್ತಿರವೂ ಬರುತ್ತಿರಲಿಲ್ಲ. ತೊಂದರೆ ಇದ್ದದ್ದು ಇಂಧನ ಒಳಗೆ ಕಳಿಸುವುದರಲ್ಲಿ. ಸಿಲಿಂಡರಿನೊಳಗೆ ಆಗಲೇ ಬಿಗಿಯಾಗಿ ಒತ್ತಿದ ಗಾಳಿ ಇರುತ್ತದೆ. ಅದಕ್ಕೆದುರಾಗಿ ಇಂಧನ ನುಗ್ಗಿಸಲು ರುಡಾಲ್ಫ್‌ನ ಎಂಜಿನ್‌ಗೆ ಬೇರೆಯೇ ಒಂದು ಗಾಳಿ ಕಂಪ್ರೆಸರ್ ಬೇಕಾಗಿತ್ತು. ಅದನ್ನು ಲಾರಿಯಲ್ಲಿ ಹೊತ್ತು ತಿರುಗಲಾಗದು. 1927ರಲ್ಲಿ ಬಾಷ್ ಕಂಪನಿ ಸಣ್ಣ, ನಂಬಬಹುದಾದ ಇಂಜೆಕ್ಷನ್ ಪಂಪ್ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲ್ ಲಾರಿಗಳು ಹಬ್ಬಿದ್ದು ಆಮೇಲೆ. ಪಿ7100 ಅದೇ ವಂಶದ್ದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಊರ ಬೀದಿಯ ಬೋರ್‌ವೆಲ್ ಕೈಪಂಪನ್ನು ನೆನಪಿಸಿಕೊಳ್ಳಿ. ಜೋರಾಗಿ ಹೊಡೆದರೆ ನೀರು ರಭಸವಾಗಿ ಬರುತ್ತದೆ, ನಿಧಾನಕ್ಕೆ ಹೊಡೆದರೆ ಸಣ್ಣಗೆ ಬರುತ್ತದೆ. ಹೊಡೆದಾಗ ಮಾತ್ರ ನೀರು. ಹಳೇ ಇಂಜೆಕ್ಷನ್ ಪಂಪ್ ಹೀಗೇ. ಎಂಜಿನ್ನೇ ಅದನ್ನು ತಿರುಗಿಸುತ್ತದೆ. ಎಂಜಿನ್ ನಿಧಾನವಾದರೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಇಂಧನದ ಹನಿ ದಪ್ಪ. ದಪ್ಪ ಹನಿ ಪೂರ್ತಿ ಉರಿಯಲು ಸಮಯ ಸಾಲುವುದಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಲೋಡ್ ಲಾರಿ ತೆವಳುವಾಗ ಎಂಜಿನ್ ನಿಧಾನ, ಟರ್ಬೊ ಇನ್ನೂ ಗಾಳಿ ತುಂಬಿಲ್ಲ, ಚಾಲಕನ ಕಾಲು ಮಾತ್ರ ಪೂರ್ತಿ ಒತ್ತಿದೆ. ಕಪ್ಪು ಹೊಗೆ ಬರದೆ ಇನ್ನೇನು ಬರುತ್ತೆ?

ಕಾಮನ್ ರೈಲ್ ಅಂದರೆ ಮನೆ ಮೇಲಿನ ಓವರ್‌ಹೆಡ್ ಟ್ಯಾಂಕು. ಮೋಟರ್ ತುಂಬಿಸುವ ಹೊತ್ತು ಬೇರೆ, ನಲ್ಲಿ ತಿರುಗಿಸುವ ಹೊತ್ತು ಬೇರೆ. ಯಾವಾಗ ತಿರುಗಿಸಿದರೂ ಒತ್ತಡ ತಯಾರಿರುತ್ತದೆ. ಎಂಜಿನ್‌ನಲ್ಲಿ ಟ್ಯಾಂಕಿನ ಜಾಗಕ್ಕೆ ಒಂದು ದಪ್ಪ ಉಕ್ಕಿನ ಕೊಳವೆ ಇದೆ, ಅದೇ ರೈಲ್. ಸಿಲಿಂಡರಿಗೆ ಇಂಧನ ಚಿಮ್ಮಿಸುವ ಎಲ್ಲ ಇಂಜೆಕ್ಟರ್‌ಗಳೂ ಅದಕ್ಕೇ ಸೇರಿರುತ್ತವೆ. ಒಂದೇ ವ್ಯತ್ಯಾಸವೆಂದರೆ ಟ್ಯಾಂಕಿನ ಒತ್ತಡ ಎತ್ತರದಿಂದ ಬರುತ್ತದೆ. ರೈಲಿನಲ್ಲಿ ಡೀಸೆಲ್ಲನ್ನೇ ಹಿಂಡಿ ಇಟ್ಟಿರುತ್ತಾರೆ. ಹತ್ತು ಮೀಟರ್ ಎತ್ತರದ ಟ್ಯಾಂಕು ಕೊಡುವುದು ಸುಮಾರು 1 ಬಾರ್. 2003ರ ಕಮ್ಮಿನ್ಸ್ ರೈಲಿನಲ್ಲಿ 1600 ಬಾರ್. ನೀರಿನ ಟ್ಯಾಂಕಿನಿಂದ ಅಷ್ಟು ಒತ್ತಡ ಬೇಕೆಂದರೆ ಅದನ್ನು 16 ಕಿಲೋಮೀಟರ್ ಎತ್ತರದಲ್ಲಿ ಇಡಬೇಕು!

ಜಪಾನಿನ ಡೆನ್ಸೊ ಕಂಪನಿ 1995ರಲ್ಲಿ ಹಿನೊ ಟ್ರಕ್ಕಿನಲ್ಲಿ ಕಾಮನ್ ರೈಲನ್ನು ಮೊದಲು ತಂದಿತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿಗೂ ಬಂತು.

ಒತ್ತಡ ಸದಾ ತಯಾರಿದ್ದರೆ ಏನು ಲಾಭ? ಇಂಧನ ಯಾವಾಗ, ಎಷ್ಟು, ಎಷ್ಟು ಸಲ ಚಿಮ್ಮಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳಬಹುದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅನ್ನಿ. ಆಗ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಒಂದು ಡಿಗ್ರಿ ತಿರುಗಲು ಹಿಡಿಯುವ ಸಮಯ ಸೆಕೆಂಡಿನ 18,000ದಲ್ಲಿ ಒಂದು ಭಾಗ. ಇಷ್ಟು ಚಿಕ್ಕ ಹೊತ್ತಿನ ಲೆಕ್ಕದಲ್ಲಿ ಇಂಜೆಕ್ಟರ್ ತೆರೆದು ಮುಚ್ಚಬೇಕು. ಅದೂ ಒಂದೇ ಸುತ್ತಿನಲ್ಲಿ ಎರಡು ಮೂರು ಸಲ.

ಡೀಸೆಲ್‌ನ ಕಟಕಟ ಸದ್ದು ಗೊತ್ತಲ್ವಾ? ಒಳಗೆ ಚಿಮ್ಮಿದ ಇಂಧನ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಆ ಚಿಕ್ಕ ತಡದಲ್ಲಿ ಇನ್ನಷ್ಟು ಇಂಧನ ಬಂದು ಸೇರುತ್ತದೆ. ಆಮೇಲೆ ಎಲ್ಲ ಒಟ್ಟಿಗೆ ಹೊತ್ತಿಕೊಂಡು ಒತ್ತಡ ಒಮ್ಮೆಲೇ ಏರುತ್ತದೆ. ಆ ಏಟಿನ ಸದ್ದೇ ಕಟಕಟ. ಕಾಮನ್ ರೈಲ್ ಎಂಜಿನ್ ಮೊದಲು ಒಂದು ತೊಟ್ಟು ಇಂಧನ ಕಳಿಸುತ್ತದೆ. ಅದು ಉರಿದು ಒಳಗಿನ ಗಾಳಿ ಇನ್ನಷ್ಟು ಕಾಯುತ್ತದೆ. ಆಮೇಲೆ ಬರುವ ಮುಖ್ಯ ಇಂಧನ ಬಂದಹಾಗೆಲ್ಲ ಉರಿಯುತ್ತದೆ. ಸದ್ದು ಇಳಿಯುತ್ತದೆ, ಪಿಸ್ಟನ್ ಮೇಲಿನ ಹೊಡೆತ ಇಳಿಯುತ್ತದೆ. ಸದ್ದು ಜೋರಿದ್ದರೆ ಎಂಜಿನ್ ಗಟ್ಟಿ ಅನ್ನುವುದೂ ಹೊಗೆಯ ನಂಬಿಕೆಯಷ್ಟೇ ಸುಳ್ಳು.

ಈಗ ಹಳೇ ಟ್ರಕ್ಕಿನ ಬಳಿ ಬನ್ನಿ. ಇಂಥ ಎಂಜಿನ್ ತಂದರೆ ಜೊತೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್, ರೈಲಿನ ಒತ್ತಡ ಅಳೆಯುವ ಸೆನ್ಸರ್, ಆಕ್ಸಿಲರೇಟರ್ ಪೆಡಲ್ ಎಲ್ಲವೂ ಬರಬೇಕು. ಹಳೇ ಪೆಡಲ್ ತಂತಿ ಎಳೆಯುತ್ತಿತ್ತು, ಹೊಸದು ವಿದ್ಯುತ್ ಸಂಕೇತ ಕಳಿಸುತ್ತದೆ. ಗುಜರಿಯಿಂದ ಎಂಜಿನ್ ಕೊಳ್ಳುವಾಗ ವೈರಿಂಗನ್ನು ಕತ್ತರಿಯಿಂದ ಕತ್ತರಿಸಿಕೊಟ್ಟಿದ್ದರೆ ಆ ವ್ಯಾಪಾರ ಬೇಡ. 2017ರಲ್ಲಿ ಕಮ್ಮಿನ್ಸ್ ತಾನೇ ಆರ್ 2.8 ಎಂಬ ನಾಲ್ಕು ಸಿಲಿಂಡರಿನ, 161 ಅಶ್ವಶಕ್ತಿಯ ಎಂಜಿನ್ನನ್ನು ಹಳೇ ವಾಹನಗಳಿಗೆಂದೇ ಪೆಟ್ಟಿಗೆಯಲ್ಲಿ ಮಾರಲು ಶುರು ಮಾಡಿತು. ಅದರಲ್ಲಿ ಇಸಿಯು, ವೈರಿಂಗ್, ಪೆಡಲ್ ಎಲ್ಲ ಇತ್ತು. ಸರಿಯಾದ ಯೋಚನೆ.

ಇಂಧನದ ಟ್ಯಾಂಕಿನ ವಿಷಯದಲ್ಲಿ ಮಾತ್ರ ಯಾರೂ ಜಿಪುಣತನ ಮಾಡಬಾರದು. ಕಾಮನ್ ರೈಲ್ ಇಂಜೆಕ್ಟರ್‌ನ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೂವತ್ತು ನಲವತ್ತು ವರ್ಷದ ಟ್ಯಾಂಕಿನ ತುಕ್ಕನ್ನು ಹಳೇ ಪಂಪ್ ಹೇಗೋ ಸಹಿಸುತ್ತಿತ್ತು. ಹೊಸ ಇಂಜೆಕ್ಟರ್ ಸಹಿಸುವುದಿಲ್ಲ. ಟ್ಯಾಂಕು ಹೊಸದಾಗಬೇಕು, ನೀರು ಬೇರ್ಪಡಿಸುವ ಒಳ್ಳೆಯ ಫಿಲ್ಟರ್ ಬೇಕು, ಉಳಿದ ಇಂಧನ ಟ್ಯಾಂಕಿಗೆ ವಾಪಸ್ ಬರಲು ಕೊಳವೆ ಬೇಕು. ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ ಎಲ್ಲಿ ಸೋರುತ್ತಿದೆ ಎಂದು ಕೈಯಾಡಿಸಿ ನೋಡಬೇಡಿ. 1600 ಬಾರ್‌ನಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ಗೇರಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ವೇಗವಾಗಿ ತಿರುಗುವುದಿಲ್ಲ. ಹಳೇ ಪೆಟ್ರೋಲ್ ಟ್ರಕ್ಕಿನ ಹಿಂದಿನ ಆಕ್ಸಲ್ ಅನುಪಾತ 4.10 ಇದ್ದು (ನೇರ ಗೇರಿನಲ್ಲಿ ಎಂಜಿನ್ 4.10 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ಟೈರು 31 ಇಂಚಿನದಾದರೆ, ನಿಮಿಷಕ್ಕೆ 2500 ಸುತ್ತಿನಲ್ಲಿ ಸಿಗುವುದು ಗಂಟೆಗೆ 90 ಕಿಲೋಮೀಟರ್. ಅನುಪಾತವನ್ನು 3.54ಕ್ಕೆ ಇಳಿಸಿದರೆ ಅದೇ ಸುತ್ತಿಗೆ ಸುಮಾರು 105.

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಹಾಕಿಸಿಕೊಂಡವರಿಗೆ ಇದೆಲ್ಲ ಹೊಸತಲ್ಲ. ಅಮೆರಿಕದ ಸೇನೆಯ ಕಾಗದದಲ್ಲಿ ಜೀಪ್ ಕೂಡ ಕಾಲು ಟನ್ ಟ್ರಕ್ಕೇ. ಯುದ್ಧಕಾಲದ ವಿಲ್ಲಿಸ್ ಎಂಜಿನ್‌ನ ಟಾರ್ಕ್ 142 ನ್ಯೂಟನ್ ಮೀಟರ್. 2010ರ ಮಹೀಂದ್ರ ಥಾರ್‌ನ ಕಾಮನ್ ರೈಲ್ ಎಂಜಿನ್‌ನದು 247. ಅಂಥದ್ದನ್ನು ಹಳೇ ಗೇರ್‌ಬಾಕ್ಸಿಗೆ ಸುಮ್ನೆ ಜೋಡಿಸಿದರೆ ಹಲ್ಲು ಉಳಿಯುವುದಿಲ್ಲ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಒಪ್ಪಿಗೆ ಕೇಳಬೇಕು.

ಕೊನೆಗೆ ಬ್ರೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ತಡೆಯುವ ಥ್ರಾಟಲ್ ಇರುವುದರಿಂದ ಗಾಳಿ ಒಳಗೆ ಬರುವ ಕೊಳವೆಯಲ್ಲಿ (ಮ್ಯಾನಿಫೋಲ್ಡ್) ನಿರ್ವಾತ ಉಂಟಾಗುತ್ತದೆ. ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ಬೂಸ್ಟರ್ ಇರುವ ಹಳೇ ಟ್ರಕ್ಕುಗಳಲ್ಲಿ ಅದು ನಡೆಯುವುದೇ ಆ ನಿರ್ವಾತದಿಂದ. ಡೀಸೆಲ್ ಎಂಜಿನ್ ಗಾಳಿಯನ್ನು ಹಾಗೆ ತಡೆಯುವುದಿಲ್ಲ. ಹಾಗಾಗಿ ನಿರ್ವಾತವೂ ಇಲ್ಲ, ಪೆಡಲ್ ಕಲ್ಲಾಗುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಹಾಕುತ್ತಾರೆ. ಅಮೆರಿಕದಲ್ಲಿ ಪವರ್ ಸ್ಟೀರಿಂಗ್ ಎಣ್ಣೆಯ ಒತ್ತಡದಿಂದ ನಡೆಯುವ ಬೂಸ್ಟರ್ ಕೂಡ ಬಳಸುತ್ತಾರೆ. ಯಾವುದನ್ನಾದರೂ ಹಾಕಿಸಿ. ಆದರೆ ಗಾಡಿ ಮೊದಲ ಸಲ ಗ್ಯಾರೇಜಿನಿಂದ ರಸ್ತೆಗೆ ಇಳಿಯುವ ಮೊದಲೇ ಹಾಕಿಸಿ.